ರಾವ್ ಗಾರಿಗೆ ಸಲಿಕೆ ಅಡ್ಡ ಬಂದದ್ದು

ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಕಾಲನಿಯವರು ರವಿವಾರ ಬೆಳಗ್ಗೆ ಊರಾಚೆ ಹೊಲದ ದಾರಿಯಲ್ಲಿ ಓಡುತ್ತೇವೆ. ಹೆಂಗಸರ ಪೈಕಿ ನಾನೊಬ್ಬಳೇ. ಎಲ್ಲರನ್ನೂ ಹಿಂದೆ ಹಾಕುತ್ತೇನೆ, ಆದರೆ ಓಟ ಮುಗಿಯುವ ಗುಡಿಕಟ್ಟೆ ಮುಟ್ಟುವ ಮೊದಲು ಎದುರುಮನೆಯ ರಾವ್ ಗಾರು ನನ್ನನ್ನು ದಾಟಿ, ತಿರುಗಿ ಒಮ್ಮೆ ನಗುತ್ತಾರೆ. ಆ ನಗು ಬುಧವಾರದ ತನಕ ಉರಿಸುತ್ತದೆ.

ಹೋದ ತಿಂಗಳು ಒಂದು ರವಿವಾರ ಅವರ ಹೆಜ್ಜೆ ಸಪ್ಪಳ ಬೆನ್ನಿಗೇ ಕೇಳುತ್ತಿತ್ತು. ಹೊಸ ಕಟ್ಟಡದ ಕೂಲಿಯವರ ತಗಡಿನ ಶೆಡ್ಡುಗಳನ್ನು ನಾನು ದಾಟಿದ್ದೇ ತಡ, ಒಬ್ಬಾಕೆ ಸಲಿಕೆ ಹಿಡಿದು ಅವರಿಗೆ ಅಡ್ಡ ನಿಂತಳು.

“ಆಕಿ ಬೆನ್ನ ಯಾಕ ಹತ್ತಿಯಪಾ? ಕೂದ್ಲ ಬೆಳ್ಳಗಾಗ್ಯಾವ, ನಾಚ್ಕಿ ಬರಂಗಿಲ್ಲೇನು?”

ಅಪ್ಪಟ ನಮ್ಮ ರಾಯಚೂರು ಕಡೆಯ ಕನ್ನಡ. ರಾವ್ ಗಾರಿಗೆ ಒಂದಕ್ಷರ ತಿಳಿಯಲಿಲ್ಲ. ನನ್ನ ಕಡೆ ಕೈ ತೋರಿಸಿ, ನೀವಾದರೂ ಹೇಳಿ ಅಂತ ತೆಲುಗಿನಲ್ಲಿ ಕೂಗಿದರು. ಕೈ ತೋರಿಸಿದ್ದಕ್ಕೆ ಆಕೆಯ ಸಿಟ್ಟು ಇನ್ನೂ ಏರಿತು. ನಿಂತು ಎರಡು ಮಾತು ಹೇಳಬಹುದಿತ್ತು. ನಿಲ್ಲಲಿಲ್ಲ. ಗುಡಿಕಟ್ಟೆಯನ್ನು ಎಲ್ಲರಿಗಿಂತ ಮೊದಲು ಮುಟ್ಟಿ, ಎರಡೂ ಕೈ ಮೇಲೆತ್ತಿ, ಉಸಿರು ತಿರುಗಿದ ಮೇಲೆ ವಾಪಸ್ ಬಂದೆ.

“ಯವ್ವಾ, ಇವರು ನಮ್ಮ ಎದುರಮನಿಯವರು. ನಾವು ಸುಮ್ನ ಓಡಾಕತ್ತೀವಿ.”

“ಹೊತ್ತು ಹುಟ್ಟೂದರಾಗ ಸುಮ್ನ ಯಾರರೆ ಓಡ್ತಾರೇನ್ರಿ?” ಎಂದು ಸಲಿಕೆ ಇಳಿಸಿದಳು, ಕೈಯಿಂದ ಮಾತ್ರ ಬಿಡಲಿಲ್ಲ.

ಮರುವಾರ ರಾವ್ ಗಾರು ದಾರಿ ಬದಲಿಸೋಣ ಎಂದರು. ನಾನು ಒಪ್ಪಲಿಲ್ಲ. ಆ ದಾರಿಯಲ್ಲಿ ನಮ್ಮ ಕಡೆಯವರಿದ್ದಾರೆ, ಮಾತಾಡಿಸದೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದೆ.