ಮೊದಲು ಐದು ಫೋನು

ನಮ್ಮ ಅವಳಿ ನಗರದಲ್ಲಿ ಔಷಧ ವಿತರಣೆಯ ವ್ಯವಹಾರ ಬೆಳೆದ ಬಗೆಯನ್ನು ಯಾರಾದರೂ ಬರೆಯುವುದಾದರೆ, ಮಾಲು ತರಿಸಿದವರ ಮತ್ತು ಮಾರಿದವರ ಹೆಸರುಗಳ ನಂತರವಾದರೂ ಮಾನ್ಯ ಯಾಕೂಬಸಾಬರ ಹೆಸರು ಬರಲೇಬೇಕು. ಗೋಕುಲ ರಸ್ತೆಯ ನಮ್ಮ ಕಚೇರಿಯ ಮೂಲೆಕೋಣೆಯಲ್ಲಿ ಕುಳಿತು, ನಾಲ್ಕು ಜಿಲ್ಲೆಗಳಲ್ಲಿ ಮಾಲು ಮುಟ್ಟಿಸುವವರ ಕೈಯಲ್ಲಿರುವ ಕಂಪನಿಯ ನಾನೂರ ಹನ್ನೆರಡು ಫೋನುಗಳಲ್ಲಿ ಯಾವ ಆ್ಯಪ್ ಇರಬೇಕು, ಯಾವುದು ಕೂಡದು, ಕಳೆದುಹೋದದ್ದಕ್ಕೆ ಯಾವಾಗ ಬೀಗ ಹಾಕಬೇಕು ಎಂಬುದನ್ನೆಲ್ಲ ದೂರದಿಂದಲೇ ನಡೆಸಿಕೊಂಡು ಬಂದವರು ಅವರು. ಅವರ ನಿವೃತ್ತಿಯ ಸಂಚಿಕೆಯಲ್ಲಿ ಅಭಿನಂದನ ಸಮಿತಿಯವರು ನನಗೆ ಎರಡು ಪುಟ ಕೊಟ್ಟಿದ್ದಾರೆ. ಯಾಕೂಬಸಾಬರ ಕೈಕೆಳಗೆ ಏಳು ವರ್ಷ ದುಡಿದ ನಾನು ಸಂತೋಷದಿಂದ ಬರೆಯಬೇಕಿತ್ತು, ದಣಿದು ಬರೆಯುತ್ತಿದ್ದೇನೆ.

ಹಳೇ ಹುಬ್ಬಳ್ಳಿಯ ಚಿಕ್ಕಪ್ಪನ ಅಂಗಡಿಯಲ್ಲಿ ರೇಡಿಯೊ ರಿಪೇರಿ ಕಲಿತ ಯಾಕೂಬಸಾಬರು ನಮ್ಮ ಸಂಸ್ಥೆಗೆ ಟೆಲಿಫೋನ್ ನೋಡಿಕೊಳ್ಳಲು ಬಂದವರು. ಫೋನು ಗೋಡೆ ಬಿಟ್ಟು ಕಿಸೆಗೆ ಇಳಿದಂತೆ ಅವರ ಕೆಲಸವೂ ಹಿಗ್ಗಿತು. ದೂರದಿಂದ ಫೋನು ನಡೆಸುವ ಸಾಫ್ಟ್‌ವೇರ್ ಬಂದಾಗ ಅವರಿಗೆ ಐವತ್ತು ಸಮೀಪಿಸಿತ್ತು. ಇಂಗ್ಲಿಷ್ ಕೈಪಿಡಿಯನ್ನು ಮಗಳು ಶಾಹೀನಳಿಂದ ಓದಿಸಿಕೊಂಡು, ಕನ್ನಡದಲ್ಲಿ ಬರೆದಿಟ್ಟುಕೊಂಡು ಕಲಿತರು.

ಅವರ ಪದ್ಧತಿಗಳು ಎರಡು, ಎರಡನ್ನೂ ನೋಡಿ ನಾವು ಕಿರಿಯರು ನಗುತ್ತಿದ್ದೆವು. ಯಾವುದೇ ಹೊಸ ಸೆಟ್ಟಿಂಗನ್ನು ಮೊದಲು ಡ್ರಾಯರಿನಲ್ಲಿದ್ದ ಐದು ಹಳೆಯ ಫೋನುಗಳಿಗೆ ಕಳಿಸಿ ಪೂರ್ತಿ ಒಂದು ದಿನ ಕಾಯುವುದು ಮೊದಲನೆಯದು. ಅವಸರ ಮಾಡಿದವರಿಗೆ, “ತಪ್ಪಾದ್ರ ಐದು ಫೋನ್ ಸುದ್ದ ಮಾಡೋದು ಛಲೋನೋ, ನಾನೂರೋ? ನೀವ ಹೇಳ್ರಿ” ಎನ್ನುತ್ತಿದ್ದರು. ಎರಡನೆಯದು ಒಂದು ಕೆಂಪು ರಟ್ಟಿನ ವಹಿ. ಪ್ರತಿಯೊಬ್ಬ ನೌಕರ ಫೋನಿಲ್ಲದಾಗ ಎಲ್ಲಿ ಸಿಗುತ್ತಾನೆಂಬುದನ್ನು ಅದರಲ್ಲಿ ಬರೆದಿಡುತ್ತಿದ್ದರು: ಹೆಂಡತಿಯ ನಂಬರು, ನೆರೆಮನೆಯದು, ಚಹಾ ಕುಡಿಯುವ ಅಂಗಡಿಯದು.

ಆರು ವರ್ಷದ ಹಿಂದಿನ ಒಂದು ಸೋಮವಾರ ನಾನೂರ ಹನ್ನೆರಡೂ ಫೋನುಗಳು ಒಮ್ಮೆಲೆ ಕೆಟ್ಟದ್ದು ಸಂಸ್ಥೆಯಲ್ಲಿ ಎಲ್ಲರಿಗೂ ನೆನಪಿದೆ. ತಪ್ಪು ಸೆಟ್ಟಿಂಗ್ ಹೋಗಿ ಇಂಟರ್ನೆಟ್ ಕಡಿಯಿತು, ಕರೆಗಳೂ ಬಂದ್ ಆದವು. ಸಂಪರ್ಕವೇ ಕಡಿದ ಮೇಲೆ ದೂರದಿಂದ ಸರಿಪಡಿಸುವ ದಾರಿಯೂ ಇಲ್ಲ. ಇನ್ಸುಲಿನ್ ಪೆಟ್ಟಿಗೆ ಹೊತ್ತು ಅಣ್ಣಿಗೇರಿಯ ಕಡೆ ಹೊರಟಿದ್ದ ಹನಮೇಶನಿಗೆ ಯಾವ ಅಂಗಡಿಗೆ ಎಷ್ಟು ಕೊಡಬೇಕೆಂಬ ಪಟ್ಟಿ ಇದ್ದದ್ದೂ ಆ ಫೋನಿನಲ್ಲೇ, ಇಂಟರ್ನೆಟ್ ಇಲ್ಲದೆ ಅದು ತೆರೆಯದು. ಪೆಟ್ಟಿಗೆಯ ಮಂಜುಗಡ್ಡೆಗೆ ಮಧ್ಯಾಹ್ನದವರೆಗಷ್ಟೇ ಆಯುಷ್ಯ. ಯಾಕೂಬಸಾಬರು ಯಾರನ್ನೂ ಬೈಯಲಿಲ್ಲ. ವಹಿ ತೆರೆದು, ಕಚೇರಿಯ ಲ್ಯಾಂಡ್‌ಲೈನಿನಿಂದ ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಫೋನು ಹಚ್ಚಿದರು.

“ಅಣ್ಣಾರ, ನಮ್ಮ ಹನಮೇಶ ಬಂದಾನೇನ್ರಿ? ಸ್ವಲ್ಪ ಅವನ ಕೈಯಾಗ ಕೊಡ್ರಿ.”

ಹನಮೇಶ ಬಂದಿದ್ದ. ಪಟ್ಟಿಯನ್ನು ಓದಿ ಹೇಳಿ ಬರೆಸಿದರು. ಆಮೇಲೆ ವಹಿಯ ಒಂದೊಂದೇ ಪುಟ ಹಿಡಿದು ಉಳಿದವರಿಗೆ ಸುದ್ದಿ ಮುಟ್ಟಿಸಿದರು. ನಾಲ್ಕು ದಿನ ಕುಂದಗೋಳ, ನವಲಗುಂದ, ಕಲಘಟಗಿ ಎಂದು ಬಸ್ಸಿನಲ್ಲಿ ತಿರುಗಿ, ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಫೋನುಗಳನ್ನು ಒಂದೊಂದಾಗಿ ಸರಿ ಮಾಡಿದರು. ನಾನೂ ಜೊತೆಗಿದ್ದೆ. ಅವರ ಮೊಣಕಾಲು ಬಾತಿದ್ದವು.

ಆ ಘಟನೆಯ ವರದಿಯಲ್ಲಿ “ಪರೀಕ್ಷಿಸದೆ ಕಳಿಸಿದವನು ನಾನು” ಎಂದು ಯಾಕೂಬಸಾಬರ ಸಹಿ ಇದೆ. ಅದರಿಂದಾಗಿ ಅವರಿಗೆ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ತಪ್ಪಿತು. ಹೊರಗಿನಿಂದ ಬಂದವರಿಗೆ ಅವರೇ ಕೂತು ಕೆಲಸ ಕಲಿಸಿದರು. ಕಳಿಸಿದವಳು ನಾನು, ಚಿನ್ಮಯೀ. ಅಂದು ಬೆಳಿಗ್ಗೆಯೇ ಕೆಲಸ ಮುಗಿಸಿ ನವನಗರದ ಮನೆಗೆ ಹೋಗುವ ಅವಸರದಲ್ಲಿದ್ದೆ. ಡ್ರಾಯರ್ ತೆರೆಯಲು ಬೇಸರವಾಗಿ, ಐದು ಫೋನುಗಳ ಗುಂಪನ್ನು ಬಿಟ್ಟು ‘ಎಲ್ಲರಿಗೂ’ ಎಂಬುದನ್ನು ಒತ್ತಿದೆ. ಹೇಳಿಬಿಡುತ್ತೇನೆಂದು ಹೊರಟಾಗ ಅವರು ಬಾಗಿಲಲ್ಲೇ ತಡೆದರು.

“ನಿನ್ನ ನೌಕರಿ ಇನ್ನೂ ಖಾಯಂ ಆಗಿಲ್ಲ. ನಂದು ಖಾಯಂ ಆಗಿ ಮುಪ್ಪಾಗೇತಿ. ಸುಮ್ಮನ ಕೂಡು.”

ನಾನು ಸುಮ್ಮನೆ ಕೂತೆ. ನೌಕರಿ ಖಾಯಂ ಆದ ಮೇಲೂ ಕೂತೇ ಇದ್ದೆ. ಹೇಳಲು ಹೋದಾಗಲೆಲ್ಲ ಅವರು ಬೇಡ ಎಂದರು, ಬೇಡ ಎಂದದ್ದು ನನಗೂ ಹಿತವಾಗಿತ್ತು. ನಾಚಿಕೆಯ ಮಾತು ಇದು. ಈ ಸುಮ್ಮನಿರುವ ಕೆಲಸದಷ್ಟು ನನ್ನನ್ನು ಬೇರಾವ ಕೆಲಸವೂ ದಣಿಸಿಲ್ಲ. ಈಗ ಅವರ ಕುರ್ಚಿ ನನಗೆ ಬರುತ್ತಿದೆ. ವರದಿಯನ್ನು ತಿದ್ದಿ, ಅವರ ಸೇವಾ ಕಡತದ ಆ ಒಂದೇ ಕಪ್ಪು ಸಾಲನ್ನು ನನ್ನ ಕಡತಕ್ಕೆ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಈ ಮೂಲಕ ವಿನಂತಿಸುತ್ತೇನೆ. ಆಮೇಲೆ ಕುರ್ಚಿಯ ವಿಚಾರ ಮಂಡಳಿಗೆ ಬಿಟ್ಟದ್ದು.

ಯಾಕೂಬಸಾಬರ ಮೊಣಕಾಲು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಚಿಕ್ಕಪ್ಪನ ಅಂಗಡಿಯನ್ನು ಮತ್ತೆ ತೆರೆಯುವ ಅವರ ಬಯಕೆ ಕೈಗೂಡಿ ಬಹುಕಾಲ ನಮ್ಮ ಊರಿನ ಕೆಟ್ಟ ರೇಡಿಯೊಗಳು ಅವರ ಕೈಯಲ್ಲಿ ಮಾತಾಡಲಿ. ಇದನ್ನು ಓದಿ ಅವರು ಸಿಟ್ಟಾಗುತ್ತಾರೆ, ಗೊತ್ತು. ಮೊದಲು ಐದು ಮಂದಿಗೆ ತೋರಿಸಿ ಒಂದು ದಿನ ಕಾಯಬೇಕಿತ್ತು ಎನ್ನುತ್ತಾರೆ. ಕ್ಷಮಿಸ್ರಿ ಸರ್, ಇದನ್ನೂ ಎಲ್ಲರಿಗೂ ಒಮ್ಮೆಲೆ ಕಳಿಸುತ್ತಿದ್ದೇನೆ.