ಗಾಲ್ಫಿನ ಪಟ್ಟಿ ಮತ್ತು ಕೋಟ್ರಪ್ಪ ಮಾಸ್ತರು

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದವನ ಮನೆಯಲ್ಲಿ ಟಿ.ವಿ.ಯ ರಿಮೋಟು ಯಾವಾಗಲೂ ಅವನ ಕೈಗಿಂತ ಒಂದು ಗೇಣು ಆಚೆಗೇ ಬಿದ್ದಿರುತ್ತದೆ. ಹೋದ ವರ್ಷ ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಬಲಗಾಲನ್ನು ದಿಂಬಿನ ಮೇಲೆ ಪ್ರತಿಷ್ಠಾಪಿಸಿಕೊಂಡು ನಾನು ಪವಡಿಸಿದ್ದ ಒಂದು ಮಧ್ಯಾಹ್ನ, ಆ ರಿಮೋಟು ಜಾರಿ ಮಂಚದ ಕೆಳಗೆ ಹೋಯಿತು. ಹೋಗುವ ಮುನ್ನ ತನ್ನದೇ ಯಾವುದೋ ಗುಂಡಿ ಒತ್ತಿಕೊಂಡು ಪರದೆಯ ಮೇಲೆ ಗಾಲ್ಫ್ ಆಟವನ್ನು ತಂದಿಟ್ಟು ಹೋಯಿತು. ನನ್ನ ಹೆಂಡತಿ ಶಾರದಾ ಸಂತೆಗೆ ಹೋಗಿದ್ದಳು. ಹೀಗಾಗಿ, ಜನ್ಮದಲ್ಲಿ ಗಾಲ್ಫಿನ ಮೈದಾನ ಕಾಣದ ನಾನು ಎರಡು ತಾಸು ಗಾಲ್ಫ್ ನೋಡಿದೆ. ಭಕ್ತಿಯಿಂದಲ್ಲ, ಗತ್ಯಂತರವಿಲ್ಲದೆ.

ಆಟ ಸರಳವಾದದ್ದು. ಕೈಯಲ್ಲೊಂದು ಕೋಲು, ನೆಲದ ಮೇಲೊಂದು ಬಿಳಿಯ ಚೆಂಡು, ಕಣ್ಣಿಗೆ ಕಾಣದಷ್ಟು ದೂರದಲ್ಲೊಂದು ಕುಳಿ. ಅಂಥ ಹದಿನೆಂಟು ಕುಳಿಗಳು, ನಾಲ್ಕು ದಿನದ ಆಟ. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಎರಡು ದಿನವಾದ ಮೇಲೆ ಹಿಂದುಳಿದ ಅರ್ಧದಷ್ಟು ಮಂದಿಯನ್ನು ಮನೆಗೆ ಕಳಿಸಿಬಿಡುತ್ತಾರೆ. ಸಂತೆಯಿಂದ ಬಂದ ಶಾರದಾ ಚೀಲ ಇಳಿಸಿ, ಪರದೆಯ ತುಂಬ ಹರಡಿದ್ದ ಹುಲ್ಲನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟು ಹಸರು ಇಟಗೊಂಡು ಒಂದು ಎಮ್ಮಿನೂ ಕಟ್ಟಿಲ್ಲಲ್ಲರಿ ಇವ್ರು" ಎಂದಳು. ಜೋಳ, ಶೇಂಗಾಗಳ ಬಯಲಿನಲ್ಲಿ ಬೆಳೆದ ನನಗೂ ಅದೇ ವಿಚಾರ ಬಂದಿತ್ತು.

ಆದರೆ ನನ್ನನ್ನು ಹಿಡಿದಿಟ್ಟದ್ದು ಹುಲ್ಲಲ್ಲ, ಪರದೆಯ ಮೂಲೆಯಲ್ಲಿ ಮೂಡಿ ಮಾಯವಾಗುತ್ತಿದ್ದ ಅಂಕಿಗಳು. ನಾನು ನಿವೃತ್ತನಾದದ್ದು ಅಂಕಿಸಂಖ್ಯೆಯ ಕಚೇರಿಯಿಂದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹೊಲಹೊಲ ತಿರುಗಿ, ಚೀಟಿ ಎತ್ತಿ ಆರಿಸಿದ ಹೊಲದಲ್ಲಿ ಐದು ಮೀಟರಿನ ಚೌಕ ಅಳೆದು, ಅದರಲ್ಲಿನ ಬೆಳೆ ಕೊಯ್ದು ತೂಗಿ, ಅಷ್ಟರಿಂದ ಇಡೀ ಸೀಮೆಯ ಇಳುವರಿಯನ್ನು ಭವಿಷ್ಯ ನುಡಿಯುವುದು ನನ್ನ ಕಸುಬಾಗಿತ್ತು. ಹೊಳೆದಂಡೆಯ ಮಾಗಳದ ಭತ್ತವನ್ನೂ ಕಾನಹೊಸಹಳ್ಳಿಯ ಒಣಭೂಮಿಯನ್ನೂ ಕಂಡ ನನಗೆ, ಸರಾಸರಿ ಎಂಬುದು ಸರಾಸರಿಯಾಗಿ ಮಾತ್ರ ಸರಿ ಎಂದು ಗೊತ್ತಿರಬೇಕಿತ್ತು. ಗೊತ್ತಿರುವುದಕ್ಕೂ ನೆನಪಿರುವುದಕ್ಕೂ ಬಹಳ ಅಂತರವಿದೆ.

ಹಡಗಲಿಯ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸುಮಾ ಭಾನುವಾರ ಬಂದವಳು ಆ ಅಂಕಿಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆಂದು ತೋರಿಸಿಕೊಟ್ಟಳು. ನನಗೆ ನಿಧಿ ಸಿಕ್ಕಂತಾಯಿತು. ಯಾರು ಮೊದಲ ಹೊಡೆತವನ್ನು ಎಷ್ಟು ದೂರ ಹೊಡೆಯುತ್ತಾರೆ, ಎರಡನೆಯದನ್ನು ಕುಳಿಗೆ ಎಷ್ಟು ಸಮೀಪ ತರುತ್ತಾರೆ, ಕುಳಿಯ ಹತ್ತಿರ ಮೆಲ್ಲಗೆ ತಳ್ಳುವಾಗ ಯಾರ ಕೈ ನಡುಗುತ್ತದೆ, ಮರಳಿನಲ್ಲೋ ಪೊದೆಯಲ್ಲೋ ಬಿದ್ದ ಚೆಂಡನ್ನು ಯಾರು ಹೆಚ್ಚು ಹೊಡೆತ ಕಳೆದುಕೊಳ್ಳದೆ ಪಾರುಮಾಡುತ್ತಾರೆ, ಎಲ್ಲಕ್ಕೂ ಲೆಕ್ಕವಿತ್ತು. "ಅಪ್ಪಾಜಿ, ಪ್ರತಿ ಟೂರ್ನಿಗೆ ನಾವು ಮೂವರೂ ಐದೈದು ಹೆಸರು ಬರಿಯೋಣು. ಯಾರ ಹೆಸರು ಜಾಸ್ತಿ ಮೊದಲ ಹತ್ತರಾಗ ಬರ್ತಾವೋ ಅವರು ಗೆದ್ದಂಗ" ಎಂದು ಸುಮಾ ಪಂಥ ಹೂಡಿದಳು. ನಾನು ಇನ್ನೂರು ಪುಟದ ನೋಟ್‌ಬುಕ್ ತರಿಸಿ ಗೆರೆ ಹೊಡೆದು ಕೂತೆ.

ಮೂರು ಟೂರ್ನಿ ನಡೆದವು. ಮೂರರಲ್ಲೂ ಶಾರದಾ ಗೆದ್ದಳು.

ಅವಳಿಗೆ ಆಟಗಾರರ ಹೆಸರುಗಳು ನಾಲಗೆಗೆ ಹತ್ತುವುದಿಲ್ಲ. 'ನೀಲಿ ಟೊಪ್ಪಿಗಿಯವ', 'ಉದ್ದ ಕೈಯವ', 'ಹಲ್ಲು ಕಡಿಯವ' ಎಂದು ಅವಳೇ ನಾಮಕರಣ ಮಾಡಿದ್ದಳು. ನನ್ನ ಪಟ್ಟಿಯಲ್ಲಿ ಅಗ್ರಗಣ್ಯರಾದವರು ಎರಡನೆಯ ದಿನ ಗಂಟುಮೂಟೆ ಕಟ್ಟುತ್ತಿದ್ದರು, ಅವಳ ಟೊಪ್ಪಿಗಿಯವರು ಭಾನುವಾರದವರೆಗೆ ಉಳಿಯುತ್ತಿದ್ದರು. ಗುಟ್ಟೇನೆಂದು ಕೇಳಿದರೆ, "ಹೊಡೆತ ಕೆಟ್ಟ ಮ್ಯಾಲೆ ಹೆಂಗ ನಡೀತಾನ ಅಂತ ನೋಡ್ತೀನಿ, ಅಷ್ಟ. ದಡದಡ ಹೋಗವ್ರನ್ನ ಬಿಟ್ಟುಬಿಡ್ತೀನಿ" ಎಂದಳು. ಅಂಕಿಗೆ ಸಿಕ್ಕಿದ್ದೆಲ್ಲ ಅಂಕೆಗೆ ಸಿಗುವುದಿಲ್ಲವೆಂಬುದು ನನಗೆ ಅರ್ಥವಾಗುವ ಹಾದಿಯಲ್ಲಿತ್ತು. ಪೂರ್ತಿ ಅರ್ಥವಾಗಿರಲಿಲ್ಲ, ಆದ್ದರಿಂದ ಪಟ್ಟಿಗೆ ಇನ್ನೆರಡು ಖಾನೆ ಸೇರಿಸಿದೆ.

ಆಗ ಅವಳೇ ಹೇಳಿದಳು: "ಆಟ ಆಡಿದವ್ರನ್ನ ಕೇಳ್ರಿ. ಕೋಟ್ರಪ್ಪ ಮಾಸ್ತರ ಅದಾರಲ್ಲ."

ನಾನು ನೋಟ್‌ಬುಕ್ ಮುಚ್ಚಿದೆ. ಕೋಟ್ರಪ್ಪ ಹಗರಿಬೊಮ್ಮನಹಳ್ಳಿಯಲ್ಲಿ ನೆಲೆಸಿರುವ ನಿವೃತ್ತ ದೈಹಿಕ ಶಿಕ್ಷಕ. ಕೂಡ್ಲಿಗಿಯಲ್ಲಿ ಕೆಲಸಕ್ಕಿದ್ದಾಗ ನಾವಿಬ್ಬರೂ ನೌಕರರ ವಾಲಿಬಾಲ್ ತಂಡದ ಆತ್ಮಗಳು. ಆಡುವ ಆತ್ಮ ಅವನು, ಬರೆಯುವ ಆತ್ಮ ನಾನು. ಹನ್ನೊಂದು ವರ್ಷದ ಹಿಂದೆ ಕ್ರೀಡಾಕೂಟವೊಂದಕ್ಕೆ ತಂಡ ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಹಿಂದಿನ ಹತ್ತು ಆಟಗಳ ಲೆಕ್ಕ ತೆಗೆದು, ಯಾರ ಕೈಯಿಂದ ಎಷ್ಟು ಪಾಯಿಂಟು ಬಂದಿವೆಯೆಂದು ಪಟ್ಟಿ ಮಾಡಿದೆ. ಕೋಟ್ರಪ್ಪ ಎಲ್ಲರಿಗಿಂತ ಕೆಳಗಿದ್ದ. ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿ ಅವನನ್ನು ಕೈಬಿಟ್ಟೆ. ಗೆಳೆಯನಿಗೂ ರಿಯಾಯಿತಿ ತೋರದ ನನ್ನ ನಿಷ್ಪಕ್ಷಪಾತತನಕ್ಕೆ ನಾನೇ ಮನಸ್ಸಿನಲ್ಲಿ ಹಾರ ಹಾಕಿಕೊಂಡೆ. ತಂಡ ಮೊದಲ ಆಟದಲ್ಲೇ ಸೋತು ಬಂತು. ಅಂದಿನಿಂದ ಕೋಟ್ರಪ್ಪ ನನ್ನೊಡನೆ ಮಾತಾಡಿರಲಿಲ್ಲ. ಮದುವೆ ಮನೆಗಳ ಊಟದ ಸಾಲಿನಲ್ಲಿ ನಾನು ಕೂತರೆ ಅವನು ಎರಡನೆಯ ಪಂಕ್ತಿಗೆ ಕಾಯುತ್ತಿದ್ದ.

ಕಾಲು ಕೊಂಚ ಮಡಚಲು ಬಂದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಗಾಲ್ಫಿನ ನೆಪವನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಕೊಟ್ಟೂರಿನಲ್ಲಿ ಬಸ್ಸು ಬದಲಿಸುವಾಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದೆ. ಹಸಿವಿನಿಂದಲ್ಲ, ಮುಂದಿನ ಬಸ್ಸನ್ನು ತಪ್ಪಿಸಿಕೊಳ್ಳುವ ಆಸೆಯಿಂದ. ಅದು ತಪ್ಪಲಿಲ್ಲ.

ಕೋಟ್ರಪ್ಪ ಅಂಗಳದಲ್ಲಿ ಪೇಪರು ಓದುತ್ತಿದ್ದ. ನನ್ನ ಊರುಗೋಲನ್ನು ನೋಡಿದ, ನನ್ನನ್ನು ನೋಡಿದ. "ಬರ್ರಿ, ಕುಂದರ್ರಿ" ಎಂದ. ಒಂದು ಕಾಲಕ್ಕೆ "ಬಾರಲೇ" ಎಂದು ಬೀದಿಯ ತುದಿಯಿಂದ ಕೂಗುತ್ತಿದ್ದವನ ಬಾಯಲ್ಲಿ ಆ ಗೌರವ ಕೇಳಿ ನನಗೆ ನೀರು ಕುಡಿಯಬೇಕೆನಿಸಿತು. ಅವನೇ ಚೊಂಬು ತಂದಿಟ್ಟ. ನಾನು ಕ್ಷೇಮಸಮಾಚಾರದ ಗೋಜಿಗೆ ಹೋಗದೆ ನೋಟ್‌ಬುಕ್ ಬಿಚ್ಚಿ, ಗಾಲ್ಫಿನ ನಿಯಮ, ನಮ್ಮ ಮನೆಯ ಪಂಥ, ನನ್ನ ಸತತ ಸೋಲು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವನು ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದ. ಕೊನೆಯ ಹಾಳೆಗೆ ಬಂದು ಕೇಳಿದ:

"ಇದರಾಗ ನನ್ನಂಥವ ಯಾರದಾನ?"

ನಾನು ಹಾಳೆಯ ಕಡೆ ಬಗ್ಗಿದೆ. ಅವನೇ ಮುಂದುವರಿಸಿದ. "ಅವತ್ತಿನ ನಿಮ್ಮ ಪಟ್ಟಿದಾಗ ಹೊಡದವ್ರ ಹೆಸರಿದ್ವು. ಅವ್ರು ಹೊಡೀಲಿ ಅಂತ ಚೆಂಡು ಎತ್ತಿ ಕೊಟ್ಟಾವ ನಾನು. ಅದಕ್ಕ ಖಾನಿನ ಇರಲಿಲ್ಲ."

"ತಪ್ಪಾತು ಕೋಟ್ರಪ್ಪಣ್ಣ" ಎಂದೆ.

"ತಪ್ಪು ಅಂತ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಾಗಿತ್ತು, ಈಚೆಗೆ, ಗಾಲ್ಫ್ ನೋಡಿದ ಮೇಲೆ ಎನ್ನಬಹುದಾಗಿತ್ತು. ಆದರೆ ಬಾಯಿ ನಿಜವನ್ನೇ ಹೇಳಿತು. "ಅವತ್ತ. ಮೊದಲ್ನೇ ಸೆಟ್ ಸೋತಾಗ. ಚೆಂಡು ಎತ್ತವ್ರಿಲ್ದ ನಮ್ಮ ಹುಡುಗ್ರು ಸುಮ್ನ ನಿಂತಿದ್ರು."

ಅವನು ಕನ್ನಡಕ ತೆಗೆದ. "ಮತ್ತ ಅದನ್ನ ಹೇಳಾಕ ಹನ್ನೊಂದು ವರ್ಷ ಬೇಕಾತೇನಲೇ ನಿನಗ?"

ಆ 'ಲೇ'ಯನ್ನು ಕೇಳಿ ನನ್ನ ಕಣ್ಣು ಹನಿಗೂಡಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಲ್ಲಿ ಮಾತ್ರ ಮಿರ್ಚಿಯ ಖಾರವೆಂದು ಹೇಳಿದೆ. ಅವನು ನಂಬಲಿಲ್ಲ, ತಕರಾರನ್ನೂ ತೆಗೆಯಲಿಲ್ಲ. ಒಳಗಿನಿಂದ ಚಹಾ ಬಂತು. ಚಹಾ ಮುಗಿಯುವಷ್ಟರಲ್ಲಿ ಅವನ ಬೆರಳು ನನ್ನ ಪಟ್ಟಿಯ ಮೂವತ್ತೊಂದನೆಯ ಹೆಸರಿನ ಮೇಲೆ ನಿಂತಿತ್ತು. ದೂರ ಹೊಡೆಯುವುದರಲ್ಲಿ ಸಾಧಾರಣ, ಕುಳಿಗೆ ತಳ್ಳುವುದರಲ್ಲಿ ಸಾಧಾರಣ. ಕೆಟ್ಟ ಜಾಗದಿಂದ ಎದ್ದು ಬರುವ ಒಂದೇ ಖಾನೆಯಲ್ಲಿ ಅವನು ಮೇಲಿದ್ದ.

"ಈ ಸಲದ ಆಟ ಎಲ್ಲಿ ಐತಿ?"

"ಸಮುದ್ರದ ದಂಡಿಗೆ. ಜೋರು ಗಾಳಿ ಐತಂತ."

"ಗಾಳಿ ಇದ್ರ ಎಲ್ಲಾರ ಚೆಂಡೂ ಅಡ್ಡಾದಿಡ್ಡಿ ಹೋಗ್ತಾವ. ಉದ್ದ ಹೊಡದಷ್ಟೂ ದೂರ ಹೋಗಿ ಬೀಳ್ತಾವ. ಹಂಗ ಬಿದ್ದ ಮ್ಯಾಲೆ ಎತ್ತಿಕೊಂಡು ಬರಾಕ ಬರವ್ನ ಗೆಲ್ತಾನ. ಇವನ್ನ ಬರಿ."

ಇಡೀ ವರ್ಷದ ಸರಾಸರಿಯನ್ನು ಎಲ್ಲ ಮೈದಾನಗಳಿಗೂ ಒಂದೇ ಸಮನಾಗಿ ಹೊದಿಸುತ್ತಿದ್ದ ನಾನು, ಮಳೆಯ ವರದಿ ನೋಡದೆ ಇಳುವರಿ ಬರೆದವನಂತೆ ನಾಚಿದೆ. ನನ್ನ ನೆಚ್ಚಿನ ಮೊದಲನೆಯ ಸಂಖ್ಯೆಯವನನ್ನು ಮಾತ್ರ ಬಿಟ್ಟುಕೊಡಲಿಲ್ಲ. ಉಳಿದ ಮೂರು ಹೆಸರುಗಳನ್ನು ಜಗಳವಾಡಿ ಆರಿಸಿದೆವು. ಹನ್ನೊಂದು ವರ್ಷದ ಮೇಲೆ ಆಡಿದ ಆ ಜಗಳದ ರುಚಿಯನ್ನು ಯಾವ ಖಾನೆಯಲ್ಲಿ ಬರೆಯಲಿ?

ಗುರುವಾರ ಆಟ ಶುರುವಾಯಿತು, ಗಾಳಿಯೂ ಹೇಳಿದ ಮಾತಿಗೆ ತಪ್ಪದೆ ಬಂತು. ನನ್ನ ಮೊದಲನೆಯ ಸಂಖ್ಯೆಯವನು ಎರಡು ಚೆಂಡುಗಳನ್ನು ಸಮುದ್ರಕ್ಕೆ ಅರ್ಪಿಸಿ ಶುಕ್ರವಾರವೇ ಊರಿಗೆ ಹೋದ. ಮೂವತ್ತೊಂದನೆಯವನು ಮಾತ್ರ ಪೊದೆಯಲ್ಲಿ ಬಿದ್ದು, ಮರಳಿನಲ್ಲಿ ಬಿದ್ದು, ಬಿದ್ದಲ್ಲೆಲ್ಲ ಎದ್ದು, ಶನಿವಾರದ ಹೊತ್ತಿಗೆ ಎರಡನೆಯ ಸ್ಥಾನದಲ್ಲಿದ್ದ. ನಾನು ಫೋನು ಮಾಡುವ ಮುಂಚೆಯೇ ಕೋಟ್ರಪ್ಪನ ಫೋನು ಬಂತು: "ನಾಳೆ ಬರ್ತೀನಿ. ಶಾರದಾ ತಂಗಿಗೆ ರೊಟ್ಟಿ ಮಾಡಾಕ ಹೇಳು."

ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೋಟ್ರಪ್ಪ, ಶಾರದಾ, ಸುಮಾ ಮತ್ತು ನನ್ನ ಕಾಲು ಸಾಲಾಗಿ ಕೂತೆವು. ಶಾರದಾ ನಮ್ಮವನ ನಡಿಗೆ ಪರೀಕ್ಷಿಸಿ, "ಇವ ಪರವಾಗಿಲ್ಲ, ನಿಧಾನಸ್ಥ" ಎಂದು ಪ್ರಮಾಣಪತ್ರ ಕೊಟ್ಟಳು. ಕೊನೆಯ ಕುಳಿಗೆ ಬಂದಾಗ ಅವನು ಮುಂದಿನವನಿಗಿಂತ ಒಂದೇ ಹೊಡೆತ ಹಿಂದಿದ್ದ. ಮೂರು ಮಾರು ದೂರದಿಂದ ಮೆಲ್ಲಗೆ ತಳ್ಳಿದ. ಚೆಂಡು ಕುಳಿಯ ಅಂಚನ್ನು ಸವರಿ, ಒಂದು ಕ್ಷಣ ಯೋಚಿಸಿ, ಪಕ್ಕಕ್ಕೆ ಸರಿಯಿತು. ಎರಡನೆಯ ಸ್ಥಾನ. ನಮ್ಮ ಐವರಲ್ಲಿ ಮೂವರು ಮೊದಲ ಹತ್ತರೊಳಗೆ ಬಂದಿದ್ದರು. ಶಾರದಾಳವರೂ ಮೂವರೇ, ಸುಮಾಳವನು ಒಬ್ಬನೇ. ಸುಮಾ ಪಂದ್ಯ ಸಮ ಎಂದು ತೀರ್ಪಿತ್ತಳು. ನಾನು ಆ ಮೂವರಲ್ಲಿ ನನ್ನ ಲೆಕ್ಕದ ಪಾಲೆಷ್ಟು, ಕೋಟ್ರಪ್ಪನ ಪಾಲೆಷ್ಟು ಎಂದು ಹಂಚಲು ಹೊರಟು ಪೆನ್ನು ತೆಗೆದೆ. "ಸುಮ್ನ ಉಣ್ಣಲೇ" ಎಂದ ಕೋಟ್ರಪ್ಪ. ರೊಟ್ಟಿ ಬಿಸಿಯಿತ್ತು.

ಇಳಿಹೊತ್ತಿಗೆ ಅವನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ನಡೆದೆ. ಅವನು ಬೇಡವೆಂದರೂ ನಾನು ಕೇಳಲಿಲ್ಲ. ಜೀವಮಾನವೆಲ್ಲ ಸೀಟಿ ಊದುತ್ತ ಮಕ್ಕಳ ಮುಂದೆ ಓಡಿದ ಆ ಮನುಷ್ಯ ನನ್ನ ಊರುಗೋಲಿನ ತಾಳಕ್ಕೆ ಹೆಜ್ಜೆ ಚಿಕ್ಕದು ಮಾಡಿಕೊಂಡಿದ್ದ. ಅದನ್ನು ನಾನು ಗಮನಿಸಿದ್ದು ಹೈವೇ ದಾಟುವಾಗ. ಸ್ಟ್ಯಾಂಡಿನಲ್ಲಿ ಕೊಟ್ಟೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಕಂಡಕ್ಟರು, "ಹತ್ರಿ ಯಜಮಾನ್ರ, ಹೊಂಟ್ವಿ" ಎಂದು ಬಾಗಿಲು ಹಿಡಿದು ಕರೆದ.

ಕೋಟ್ರಪ್ಪ ಬಸ್ಸನ್ನು ನೋಡಿದ. ಆಮೇಲೆ ಕಲ್ಲುಬೆಂಚಿನ ಮೇಲಿನ ಧೂಳನ್ನು ಟವೆಲ್ಲಿನಿಂದ ಒರೆಸಿ, ನನಗೆ ಕಾಲು ಚಾಚಲು ಜಾಗ ಬಿಟ್ಟು ಕೂತ.

"ನೀವು ಹೋಗ್ರಿ" ಎಂದ ಕಂಡಕ್ಟರಿಗೆ. "ನಾನು ಮುಂದಿನದಕ್ಕ ಬರ್ತೀನಿ."