ಎರಡನೆಯ ನಂಬರಿನ ಜಾಗ

ನಾಲ್ಕನೆಯ ಇಯತ್ತೆ ಮುಗಿಯುವ ತನಕ ನಾನು ಎರಡನೆಯವನಾದದ್ದೇ ಇಲ್ಲ. ಅಕ್ಕಲಕೋಟೆಯಿಂದ ಎರಡು ಹರದಾರಿ ದೂರದ ನಮ್ಮ ಹಳ್ಳಿಯಲ್ಲಿ ಮನೆಯ ಮಾತು ಕನ್ನಡ, ಸಾಲೆಯ ಮಾತು ಮರಾಠಿ. ಎರಡರ ನಡುವೆ ನಾನು ಸಲೀಸಾಗಿ ಓಡಾಡುತ್ತಿದ್ದೆ. ಒಂದು ಸಂಜೆ ನಮ್ಮ ಮಾಸ್ತರರು ಮನೆಗೆ ಬಂದರು. ಅಪ್ಪ ಜೋಳದ ರಾಶಿ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದ.

"ಗೌಡ್ರ, ಈ ಹುಡುಗನ ತಲಿ ಚಲೋ ಅದ. ಸೊಲ್ಲಾಪುರದ ಸರ್ಕಾರಿ ಹೈಸ್ಕೂಲಿನ ಪರೀಕ್ಷಾಕ್ಕ ಕೂಡಸ್ರಿ. ಎಲ್ಲಾ ಕಡಿಂದ ನೂರಾರು ಹುಡುಗೂರು ಬರ್ತಾವ, ನಲವತ್ತು ಮಂದೀನ್ನ ಅಷ್ಟ ತಗೋತಾರ."

"ಅಲ್ಲಿ ಕಲ್ತರ ಏನಾಗ್ತದರಿ?" ಎಂದು ಅಪ್ಪ ಕೇಳಿದ.

"ಏನ್ ಬೇಕಾದ್ರೂ ಆಗ್ತದ," ಎಂದರು ಮಾಸ್ತರರು. ಅವರು ಸ್ವತಃ ಆ ಸಾಲೆಯ ಒಳಗೆ ಕಾಲಿಟ್ಟವರಲ್ಲ.

ಅಪ್ಪ ಒಪ್ಪಿದ. ನಾನು ಪರೀಕ್ಷೆಗೆ ಕೂತೆ, ಹದಿನೈದು ದಿನಕ್ಕೆ ಆಯ್ಕೆಯಾದ ಪತ್ರ ಬಂತು. ಜೂನ್ ತಿಂಗಳಲ್ಲಿ ನನ್ನ ಟ್ರಂಕು ಹೊತ್ತು ಸೊಲ್ಲಾಪುರದ ತನಕ ಬಂದವನು ನನ್ನ ಅಣ್ಣ. ಅವನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ಒಕ್ಕಲುತನಕ್ಕೆ ನಿಂತಿದ್ದ. ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟು, "ಹೆಸರ ಕೆಡಸಬ್ಯಾಡ," ಎಂದಷ್ಟೇ ಹೇಳಿ ತಿರುಗಿ ಹೋದ. ಅತ್ತೆ ಎಂದರೆ ಅಪ್ಪನ ತಂಗಿ. ಅವಳ ಗಂಡ ಬಟ್ಟೆಯ ಮಿಲ್ಲಿನಲ್ಲಿ ಜಾಬರ, ಎಂದರೆ ಕೂಲಿಗಳ ಮೇಲಿನ ಮುಕಾದಮ. ಮಿಲ್ಲಿನ ಹತ್ತಿರದ ಚಾಳಿನಲ್ಲಿ ಅವರಿಗೆ ಎರಡು ಖೋಲಿ ಇದ್ದವು.

ಆ ಸಾಲೆಯಲ್ಲಿ ಒಂದು ನಿಯಮವಿತ್ತು. ತಿಂಗಳ ಕೊನೆಯ ಶನಿವಾರ ಹೆಡ್‌ಮಾಸ್ತರರು ನಂಬರಿನ ಪಟ್ಟಿ ಓದುವರು. ನಾವೆಲ್ಲ ಪುಸ್ತಕ ಎತ್ತಿಕೊಂಡು ನಂಬರಿನ ಪ್ರಕಾರ ಜಾಗ ಬದಲಿಸಬೇಕು. ಒಂದು ಬೆಂಚಿಗೆ ಇಬ್ಬರು. ಮೊದಲ ಬೆಂಚಿನಲ್ಲಿ ಒಂದು ಮತ್ತು ಎರಡು, ಅದರ ಹಿಂದೆ ಮೂರು ಮತ್ತು ನಾಲ್ಕು, ಹೀಗೆ ಗೋಡೆಯ ತನಕ. ಮೊದಲ ತಿಂಗಳು ನನ್ನ ನಂಬರು ಮೂವತ್ತೆಂಟು. ನನ್ನ ಹಿಂದೆ ಒಂದೇ ಬೆಂಚು, ಅದರ ಹಿಂದೆ ಗೋಡೆ, ಗೋಡೆಯ ಮೇಲೆ ಹಿಂದೂಸ್ತಾನದ ನಕಾಶೆ. ವಕೀಲರ, ಡಾಕ್ಟರರ, ಮಿಲ್ಲಿನ ದೊಡ್ಡ ಕಾರಕೂನರ ಮಕ್ಕಳೆಲ್ಲ ಮುಂದೆ ಇದ್ದರು. ನಾನು ಬಾಯಿ ತೆರೆದರೆ ನನ್ನ ಮರಾಠಿಯಲ್ಲಿ ಕನ್ನಡದ ರಾಗ ಬರುತ್ತಿತ್ತು, ಅವರು ನಗುತ್ತಿದ್ದರು. ಆ ತಿಂಗಳು ನಾನು ಊರಿಗೆ ಪತ್ರ ಬರೆಯಲಿಲ್ಲ.

ಮೊದಲ ಬೆಂಚಿನಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಒಂದನೆಯ ನಂಬರು ಪ್ರತಿ ತಿಂಗಳೂ ಒಬ್ಬನದೇ. ತೆಳ್ಳಗೆ, ಎತ್ತರವಾಗಿ, ಯಾರೊಡನೆಯೂ ಹೆಚ್ಚು ಮಾತಾಡದ ಹುಡುಗ. ಎರಡನೆಯ ನಂಬರಿನವನು ಮಾತ್ರ ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುತ್ತಿರಲಿಲ್ಲ. ಅಷ್ಟು ಬಿರುಸಿನ ಪೈಪೋಟಿ ಎಂದು ನಾನು ತಿಳಿದುಕೊಂಡೆ.

ಮೂವತ್ತೆಂಟರಿಂದ ಮೇಲೆ ಬರಲು ನನಗೆ ಒಂದೂವರೆ ವರ್ಷ ಹಿಡಿಯಿತು. ಇಂಗ್ಲಿಷ್ ಶಬ್ದಗಳನ್ನು ನಳದ ಮುಂದೆ ಸರದಿ ನಿಂತಾಗ ಬಾಯಿಪಾಠ ಮಾಡಿದೆ. ಮರಾಠಿಯ ರಾಗ ತಿದ್ದಿಕೊಂಡೆ. ಇಪ್ಪತ್ತೊಂದು, ಹನ್ನೆರಡು, ಆಮೇಲೆ ಐದು. ಐದಕ್ಕೆ ಬಂದ ದಿನ, ನನ್ನ ಮುಂದಿನ ಬೆಂಚಿನ ವಕೀಲರ ಮಗ ಹಿಂದೆ ತಿರುಗಿ, ಮೆಲ್ಲಗೆ ಒಂದು ಗುಟ್ಟು ಹೇಳಿದ. ಒಂದನೆಯ ನಂಬರಿನವನು ಊರ ಹೊರಗಿನ ಕೇರಿಯವನು, ಜನ ಮುಟ್ಟಿಸಿಕೊಳ್ಳದ ಜಾತಿಯವನು. ಎರಡನೆಯ ನಂಬರು ಬಂದರೆ ತಿಂಗಳಿಡೀ ಅವನಿಗೆ ಹತ್ತಿಕೊಂಡು ಕೂಡಬೇಕು. ಆದ್ದರಿಂದ ಜಾಣರೆಲ್ಲ ಪೇಪರಿನಲ್ಲಿ ಒಂದು ಲೆಕ್ಕ ಬಿಟ್ಟು ಬರುತ್ತಾರೆ. ಯಾರಾದರೊಬ್ಬ ಅಂದಾಜು ತಪ್ಪಿ ಸಿಕ್ಕಿಬೀಳುತ್ತಾನೆ, ಮುಂದಿನ ತಿಂಗಳು ಅವನೂ ಬಿಡುತ್ತಾನೆ. ಹಿಂದೆ ನಾಲ್ಕಾರು ಜನ ತಂದೆಯರು ಕೂಡಿ ಹೆಡ್‌ಮಾಸ್ತರರಿಗೆ ಅರ್ಜಿ ಕೊಟ್ಟಿದ್ದರಂತೆ. ಬೇರೆ ಜಾಗ ಬೇಕಾದರೆ ಬೇರೆ ಮಾರ್ಕು ತರಲಿ, ನಿಯಮ ಬದಲಾಗುವುದಿಲ್ಲ ಎಂದು ಅವರು ಹೇಳಿ ಕಳಿಸಿದ್ದರಂತೆ.

ನಾನೇನೋ ದೊಡ್ಡ ಮನುಷ್ಯನೆಂದು ಬರೆದುಕೊಳ್ಳಲಾರೆ. ಸಹಾಮಾಹಿ, ಎಂದರೆ ಅರ್ಧ ವರ್ಷದ ಪರೀಕ್ಷೆಯಲ್ಲಿ ನಾನೂ ಒಂದು ಲೆಕ್ಕ ಬಿಟ್ಟೆ. ಎಲ್ಲಕ್ಕಿಂತ ಸುಲಭದ್ದನ್ನೇ ಬಿಟ್ಟೆ. ಮರುವಾರ ಗಣಿತದ ಮಾಸ್ತರರು ನನ್ನನ್ನು ಮೇಜಿನ ಹತ್ತಿರ ಕರೆದು ಉತ್ತರಪತ್ರಿಕೆ ತೋರಿಸಿದರು. ಕಠಿಣವಾದ ಏಳು ಲೆಕ್ಕ ಸರಿ ಇದ್ದವು. ಸುಲಭದ್ದರ ಜಾಗ ಖಾಲಿ. "ಹೇ ಕಾ ಸೋಡಲಂಸ?" ಇದನ್ನೇಕೆ ಬಿಟ್ಟೆ ಎಂದು ಕೇಳಿದರು. ಅವರು ಆ ಲೆಕ್ಕವನ್ನು ಓದಿ ಉತ್ತರ ಹೇಳೆಂದರು. ಓದಿ ಮುಗಿಸುವ ಮೊದಲೇ ಉತ್ತರ ನನ್ನ ಬಾಯಿಂದ ಬಿದ್ದುಹೋಯಿತು. ಮಾಸ್ತರರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆ ಖಾಲಿ ಜಾಗದಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಬರೆದರು. ನನ್ನ ನಂಬರು ಮೂರು ಬಂತು.

ಉತ್ತರಪತ್ರಿಕೆ ತೋರಿಸಿದ ದಿನವೇ, ಮಧ್ಯಾಹ್ನದ ಸೂಟಿಯಲ್ಲಿ ನಾನು ನೀರಿನ ಹಂಡೆಯ ಹತ್ತಿರ ಹೋದೆ. ಉಳಿದ ಹುಡುಗರೆಲ್ಲ ನಾವೇ ತಂಬಿಗೆ ಮುಳುಗಿಸಿ ಕುಡಿಯುತ್ತಿದ್ದೆವು. ಒಂದನೆಯ ನಂಬರಿನವನಿಗೆ ಮಾತ್ರ ಸಾಲೆಯ ಸಿಪಾಯಿ ಮೇಲಿನಿಂದ ಬೊಗಸೆಗೆ ಸುರಿಯಬೇಕಿತ್ತು. ಹೆಡ್‌ಮಾಸ್ತರರ ನಿಯಮ ಬೆಂಚಿನ ತನಕ ಬಂದಿತ್ತು, ಹಂಡೆಯ ತನಕ ಬಂದಿರಲಿಲ್ಲ. ಸಿಪಾಯಿ ಎಲ್ಲಿಗೋ ಹೋಗಿದ್ದ, ಆ ಹುಡುಗ ಕಾಯುತ್ತ ನಿಂತಿದ್ದ. ನನ್ನನ್ನು ನೋಡಿ ಅಚ್ಚ ಕನ್ನಡದಲ್ಲಿ ಹೇಳಿದ:

"ಆ ಗಣಿತ ನಿನಗ ಬರತಿತ್ತು."

ಆ ಸಾಲೆಯ ಅಂಗಳದಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಬೆಚ್ಚಿ, "ನೀ ಕನ್ನಡದಾಂವ ಏನು?" ಎಂದೆ.

"ಮಂದ್ರೂಪದ ಕಡ್ಯಾಂವ. ಮನ್ಯಾಗೆಲ್ಲಾ ಕನ್ನಡನ." ಸ್ವಲ್ಪ ನಕ್ಕ. "ನನ್ನ ಬಾಜೂಕ ಕುಂತಾವ್ರೆಲ್ಲಾ ತಿಂಗಳಿಗೊಬ್ಬ ದಡ್ಡ ಆಗ್ಯಾರ. ನನ್ನ ಸಲುವಾಗಿ ನೀನೂ ದಡ್ಡ ಆಗಬ್ಯಾಡ. ನಾ ಅಂತೂ ಒಂದನೇ ನಂಬರ ಬಿಡಾಂವಲ್ಲ."

ತಂಬಿಗೆ ನನ್ನ ಕೈಯಲ್ಲೇ ಇತ್ತು. ನೀರು ತುಂಬಿ ಅವನ ಬೊಗಸೆಗೆ ಸುರಿದೆ, ಮೇಲಿನಿಂದಲೇ. ಅಷ್ಟಕ್ಕೇ ನನ್ನ ಧೈರ್ಯ ಮುಗಿದಿತ್ತು.

ಮುಂದಿನ ತಿಂಗಳು ನಾನು ಯಾವ ಲೆಕ್ಕವನ್ನೂ ಬಿಡಲಿಲ್ಲ. ಪಟ್ಟಿ ಓದಿದಾಗ ನನ್ನ ಹೆಸರು ಎರಡನೆಯದು. ಪುಸ್ತಕ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದೆ. ಅವನು ರೂಢಿಯಂತೆ ಬೆಂಚಿನ ತುದಿಗೆ ಸರಿದು ಕೂತಿದ್ದ. ನಮ್ಮಿಬ್ಬರ ನಡುವೆ ಒಂದು ಮೊಳ ಜಾಗ. ಎರಡು ವಾರ ಅದು ಹಾಗೇ ಉಳಿಯಿತು. ಆಮೇಲೆ ಭೂಗೋಳದ ತಾಸಿನಲ್ಲಿ ಬೆಂಚಿಗೊಂದರಂತೆ ನಕಾಶೆಯ ಪುಸ್ತಕ ಕೊಟ್ಟರು. ಒಂದು ಮೊಳ ದೂರ ಕೂತು ಇಬ್ಬರು ಒಂದು ನಕಾಶೆಯಲ್ಲಿ ಗೋದಾವರಿಯನ್ನು ಹುಡುಕಲಾಗುವುದಿಲ್ಲ.

ಚಾಳಿನಲ್ಲಿ ಸುದ್ದಿ ನಿಲ್ಲುವುದಿಲ್ಲ. ಯಾರೋ ಅತ್ತೆಗೆ ಹೇಳಿದರು. ಸಂಜೆ ನಾನು ಬರುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು.

"ಅವನ ಬಾಜೂಕ ಕುಂತಿ ಅಂತ, ಖರೇ ಏನೋ?"

"ಹೌದತ್ತಿ. ನಂಬರ ಬಂದದ."

"ನಂಬರ ಬಂದ್ರ ಬರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಸಾಲಿ ಅರಿಬಿ ಹೊರಗ ಕಳದು, ಜಳಕಾ ಮಾಡಿ ಒಳಗ ಬಾ."

ಮೆಟ್ರಿಕ್ ಮುಗಿಯುವ ತನಕ ನಾನು ದಿನಾ ಸಂಜೆ ನಳದ ಕೆಳಗೆ ತಣ್ಣೀರಿನ ಜಳಕ ಮಾಡಿಯೇ ಒಳಗೆ ಹೋದೆ. ಅತ್ತೆಯೊಡನೆ ಒಮ್ಮೆಯೂ ವಾದಿಸಲಿಲ್ಲ. ಒಂದು ದಿನ ಇದನ್ನು ಅವನಿಗೆ ಹೇಳಿದೆ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಕೇರ್ಯಾಗ ಕುಡ್ಯಾಕ ಬಾವಿ ಇಲ್ಲ. ನನ್ನ ಹೆಸರಲೆ ನಿನಗ ದಿನಾ ಎರಡ ಜಳಕ!" ಎಂದ. ನಾನೂ ನಕ್ಕೆ. ಮನೆಗೆ ಬರುವಾಗ ದಾರಿಯಲ್ಲಿ ಆ ಮಾತು ಬೇರೆಯಾಗಿ ಕೇಳಿಸತೊಡಗಿತು.

ಆ ಬೆಂಚಿನಲ್ಲಿ ನಾವು ನಾಲ್ಕು ವರ್ಷ ಕೂತೆವು. ಅವನು ನನಗೆ ಬೀಜಗಣಿತ ತಿಳಿಸಿಕೊಟ್ಟ, ನಾನು ಅವನ ಇಂಗ್ಲಿಷ್ ನಿಬಂಧ ತಿದ್ದಿದೆ. ಒಮ್ಮೆ, ಒಂದೇ ಒಮ್ಮೆ, ನಾನು ಎರಡು ಮಾರ್ಕಿನಿಂದ ಅವನನ್ನು ಹಿಂದೆ ಹಾಕಿದೆ. ಇಬ್ಬರೂ ಎದ್ದು ನಿಂತು ಎಡಬಲ ಬದಲಿಸಿ ಕೂತಾಗ ಇಡೀ ಕ್ಲಾಸು ನಕ್ಕಿತು. ಆಗ ನಕ್ಕದ್ದರಲ್ಲಿ ವಿಷ ಇರಲಿಲ್ಲ.

ಇಬ್ಬರೂ ಮೆಟ್ರಿಕ್ ಪಾಸಾದೆವು. ಅವನು ರೈಲ್ವೆಯಲ್ಲಿ ತಂತಿ ಕಳಿಸುವ ತಾರಿನ ಕೆಲಸ ಕಲಿತು, ಕೆಲವು ವರ್ಷಗಳ ಮೇಲೆ ಅಕ್ಕಲಕೋಟ ರೋಡ್ ಸ್ಟೇಷನ್ನಿನ ಕಡೆಗೇ ವರ್ಗವಾಗಿ ಬಂದ. ನಾನು ಅಕ್ಕಲಕೋಟೆಯಲ್ಲಿ ಮಾಸ್ತರನಾದೆ. ಬಂದ ಹೊಸದರಲ್ಲಿ ನನಗೆ ಸೊಲ್ಲಾಪುರದಲ್ಲಿ ಕಲಿತವನೆಂಬ ಜಂಬ ಬಹಳ ಇತ್ತು. ಅದು ಬೇಗ ಇಳಿಯಿತು. ನನ್ನ ಜೊತೆಗೆ ಪಾಠ ಹೇಳುತ್ತಿದ್ದ ಇಬ್ಬರು ಅಕ್ಕಲಕೋಟೆಯಲ್ಲೇ ಕಲಿತು ಮೆಟ್ರಿಕ್‌ನಲ್ಲಿ ನನಗಿಂತ ಹೆಚ್ಚು ಮಾರ್ಕು ಪಡೆದಿದ್ದರು.

ಅಣ್ಣನ ಮಗ ನಾಲ್ಕನೆಯ ಇಯತ್ತೆ ಮುಗಿಸಿದ ವರ್ಷ ಅಣ್ಣ ನನ್ನ ಹತ್ತಿರ ಬಂದ.

"ತಮ್ಮಾ, ಹುಡುಗನ್ನ ನೀ ಕಲ್ತ ಸೊಲ್ಲಾಪುರದ ಸಾಲಿಗಿ ಹಾಕೂನು. ಪರೀಕ್ಷಾದ ತಯಾರಿ ನೀನ ಮಾಡಸು."

ನಾನು ಹುಡುಗನನ್ನು ಬಲ್ಲೆ. ಜಾಣ, ಆದರೆ ಮನೆ ಬಿಟ್ಟಿರಲಾರ. ಗದ್ದಲದಲ್ಲಿ ಬಾಯಿ ಮುಚ್ಚಿಕೊಳ್ಳುವ ಸ್ವಭಾವ. "ಅಣ್ಣಾ, ಅವ ಇಲ್ಲೇ ಕಲೀಲಿ," ಎಂದೆ. "ಇಲ್ಲಿ ಚಲೋ ಮಾಸ್ತರು ಅದಾರ. ಅಲ್ಲಿ ಹೋಗಿ ಕಡೀ ಬೆಂಚಿನ ಮ್ಯಾಲ ಕುಂತ್ರ ಅಲ್ಲೇ ಉಳೀತಾನ."

"ನೀ ಮಾತ್ರ ದೊಡ್ಡ ಸಾಲ್ಯಾಗ ಕಲೀಬೇಕು, ನನ್ನ ಮಗ ಬ್ಯಾಡ, ಹೌದಲ್ಲೋ?"

ಅಣ್ಣ ಎರಡು ತಿಂಗಳು ನನ್ನ ಮನೆಗೆ ಬರಲಿಲ್ಲ. ಆದರೆ ಹುಡುಗನನ್ನು ಅಕ್ಕಲಕೋಟೆಯಲ್ಲೇ ಇಟ್ಟ. ಆ ಹುಡುಗ ಇಲ್ಲೇ ಕಲಿತು, ಒಂದು ವರ್ಷವೂ ಫೇಲಾಗದೆ ಮೆಟ್ರಿಕ್ ಮುಗಿಸಿದ. ಈಗ ಅಣ್ಣನೇ ಅದನ್ನು ತನ್ನ ಬುದ್ಧಿವಂತಿಕೆ ಎಂದು ಹೇಳಿಕೊಳ್ಳುತ್ತಾನೆ. ಹೇಳಿಕೊಳ್ಳಲಿ.

ಅಣ್ಣ ಸಿಟ್ಟಾಗಿದ್ದ ಆ ದಿನಗಳಲ್ಲೇ ನನ್ನ ಬೆಂಚಿನ ಗೆಳೆಯನೂ ಬಂದ. ಅವನಿಗೆ ಹತ್ತು ವರ್ಷದ ತಮ್ಮನಿದ್ದ. "ಮಾಸ್ತರ, ಇವನ್ನ ಪರೀಕ್ಷಾಕ್ಕ ಕೂಡಸ್ಬೇಕು," ಎಂದ. ಉಪದೇಶ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಣ್ಣನಿಗೆ ಹೇಳಿದ್ದನ್ನೇ ಇವನಿಗೂ ಹೇಳಿದೆ: ಯಾವ ಸಾಲೆಯಾದರೇನು, ಹತ್ತಿರದ್ದಕ್ಕೆ ಹಾಕು, ಹುಡುಗ ಜಾಣನಿದ್ದರೆ ಎಲ್ಲಾದರೂ ಕಲಿಯುತ್ತಾನೆ.

ಅವನು ಕೇಳಿಸಿಕೊಂಡು, ನಿಧಾನವಾಗಿ ಹೇಳಿದ: "ನಿಮ್ಮ ಮಂದ್ಯಾನ ಹುಡುಗ ಯಾವ ಸಾಲಿಗಿ ಹೋದ್ರೂ ಒಳಗ ಕುಂದರ್ತಾನ. ನನ್ನ ತಮ್ಮ ನಾಕ ವರ್ಷ ಊರ ಸಾಲಿ ಪಡಸಾಲ್ಯಾಗ ಕುಂತು, ಕಿಡಕ್ಯಾಗಿಂದ ಕೇಳಿ ಕಲ್ತಾನ. ಅಲ್ಲಿ ಹೋದ್ರ ಒಳಗ ಕುಂದರ್ತಾನ. ನನಗ ಅಷ್ಟ ಸಾಕು, ಉಳಿದದ್ದು ಅವನ ಮಾಡ್ತಾನ."

ನಾಲ್ಕು ವರ್ಷ ಪಕ್ಕದಲ್ಲಿ ಕೂತಿದ್ದವನು ನಾನು. ಇದನ್ನು ಅವನು ಬಾಯಿಬಿಟ್ಟು ಹೇಳಬೇಕಾಯಿತು. ನನಗೆ ಆ ಸಾಲೆ ಒಳ್ಳೆಯ ಇಂಗ್ಲಿಷು ಕೊಟ್ಟಿತ್ತು, ಜಂಬ ಕೊಟ್ಟಿತ್ತು, ಒಬ್ಬ ಗೆಳೆಯನನ್ನು ಕೊಟ್ಟಿತ್ತು. ಅವನಿಗೆ ಅದು ಗೋಡೆಯ ಒಳಗಿನ ಜಾಗವನ್ನೇ ಕೊಟ್ಟಿತ್ತು. ಇಬ್ಬರಿಗೂ ಒಂದೇ ಉಪದೇಶ ಹೇಳಿದ್ದು ನನ್ನ ತಪ್ಪು.

"ಆದಿತ್ಯವಾರ ಬರ್ತೀನಿ," ಎಂದೆ.

ವರ್ಷವಿಡೀ ಆದಿತ್ಯವಾರ ಸೈಕಲ್ ಹತ್ತಿ ಸ್ಟೇಷನ್ನಿಗೆ ಹೋದೆ. ಅವನ ಕ್ವಾರ್ಟರಿನ ಮುಂದೆ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಹುಡುಗನಿಗೆ ಪಾಠ ಹೇಳಿದೆ. ಗೆಳೆಯನ ಹೆಂಡತಿ ಮೊದಲ ವಾರ ಚಹಾ ತಂದು, ಕೊಡಬೇಕೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು. ನಾನೇ ಎದ್ದು ಹೋಗಿ ಕಪ್ಪು ತೆಗೆದುಕೊಂಡೆ. ಹುಡುಗ ತನ್ನ ಅಣ್ಣನಷ್ಟು ಚುರುಕಲ್ಲ, ಆದರೆ ಹಟ ಮಾತ್ರ ಆ ಅಣ್ಣನದೇ. ಮೊದಲ ವರ್ಷ ಮರಾಠಿ ನಿಬಂಧದಲ್ಲಿ ಸೋತು ಫೇಲಾದ. ಅಳಲಿಲ್ಲ. ಮುಂದಿನ ಆದಿತ್ಯವಾರ ನಾನು ಹೋಗುವಷ್ಟರಲ್ಲಿ ಚಾಪೆ ಹಾಸಿ ಕೂತಿದ್ದ. ಎರಡನೆಯ ವರ್ಷ ಆಯ್ಕೆಯಾಯಿತು.

ಹೆಸರು ಹಚ್ಚುವ ದಿನ ಮೂವರೂ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋದೆವು. ಕಾರಕೂನ ಫಾರ್ಮು ಬರೆದುಕೊಂಡ, ಜಾತಿ ಕೇಳಿದ, ಬರೆದ, ತಲೆ ಎತ್ತದೆ ಒಳಗಿನ ಕೋಣೆಯ ಕಡೆಗೆ ಕೈ ತೋರಿಸಿದ. ಹುಡುಗ ಟೋಪಿ ಸರಿಮಾಡಿಕೊಂಡು ನಮ್ಮಿಬ್ಬರನ್ನೂ ತಿರುಗಿ ನೋಡದೆ ಒಳಗೆ ಹೋದ. ನಾವು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತೆವು. ಆಮೇಲೆ ಗೆಳೆಯ ಗಡಿಯಾರ ನೋಡಿ, "ನಡೀರಿ ಮಾಸ್ತರ, ಮಧ್ಯಾಹ್ನಕ್ಕ ನನ್ನ ಪಾಳಿ ಅದ," ಎಂದ. ಇಬ್ಬರೂ ಸ್ಟೇಷನ್ನಿನ ಕಡೆಗೆ ಬಿರಬಿರನೆ ನಡೆದೆವು.